ಮದ್ದೂರಿನಲ್ಲಿ ಬಿದ್ದ ಕಲ್ಲು

ತಿರುಮಕೂಡಲು ನರಸೀಪುರಕ್ಕೆ ಸಮೀಪದ ಒಂದು ಹಳ್ಳಿ ನನ್ನ ತಾಯಿಯ ತವರು. ಅಲ್ಲಿನ ಹೊಲದ ಬದುವಿನ ಮೇಲೆ ಒಂದು ಹೊಂಗೆಯ ಮರವಿತ್ತು. ಅದರ ಬುಡದಲ್ಲಿ, ತೆಂಗಿನಕಾಯಿಗಿಂತ ಸ್ವಲ್ಪ ದೊಡ್ಡದಾದ, ಮಸಿ ಬಳಿದಂತೆ ಕಪ್ಪಾದ ಒಂದು ಕಲ್ಲು ಕುಳಿತಿತ್ತು. ಹಬ್ಬದ ದಿನಗಳಲ್ಲಿ ಅಜ್ಜಿ ಅದಕ್ಕೆ ಒಂದು ಬೊಟ್ಟು ಅರಿಸಿನ, ಒಂದು ಬೊಟ್ಟು ಕುಂಕುಮ ಇಡುತ್ತಿದ್ದರು. “ನೆಲದ್ ಕಲ್ಲಲ್ಲ ಕಣ್ ಮಗ ಅದು, ಮೇಲಿಂದ ಬಿದ್ದುದ್ದು” ಎಂದು ಅವರು ನನಗೆ ಒಂದಕ್ಕಿಂತ ಹೆಚ್ಚು ಸಲ ಹೇಳಿದ್ದುಂಟು.

೧೯೭೭ರಲ್ಲಿ ನಾನು ನಂಜನಗೂಡಿನಲ್ಲಿ ಪಿಯುಸಿ ಓದುತ್ತಿದ್ದೆ. ನಾಲ್ಕು ವಿಜ್ಞಾನದ ಪಾಠಗಳನ್ನು ಕೇಳಿದವನಿಗೆ ಇರಬಾರದಷ್ಟು ಆತ್ಮವಿಶ್ವಾಸ ನನಗಿತ್ತು. ಆ ಬೇಸಿಗೆಯಲ್ಲಿ ಊರ ಕಾಲುವೆಗೆ ಮೋರಿ ಕಟ್ಟುತ್ತಿದ್ದರು; ಅದಕ್ಕೆ ಬೇಕಾದ ಕಲ್ಲನ್ನು ಗಾಡಿಯಲ್ಲಿ ಸಾಗಿಸುತ್ತಿದ್ದರು. ಆಕಾಶದಲ್ಲಿ ಗಾಳಿಯಿದೆ, ಮೋಡವಿದೆ, ಕಲ್ಲೆಲ್ಲಿಂದ ಬರಬೇಕು ಎಂದು ಅಜ್ಜಿಯೊಡನೆ ವಾದಿಸಿ, ನಾನೇ ಆ ಕಲ್ಲನ್ನು ಎತ್ತಿ ಗಾಡಿಗೆ ಹಾಕಿದೆ. ಅಜ್ಜಿ ಏನೂ ಅನ್ನಲಿಲ್ಲ. ಗಾತ್ರಕ್ಕೆ ಮೀರಿದ ಭಾರವಿತ್ತು ಅದು ಎಂಬ ನೆನಪು ಮಾತ್ರ ನನ್ನ ಕೈಗಳಲ್ಲಿ ಇಂದಿಗೂ ಉಳಿದಿದೆ.

ಮುಂದೆ ನಾನು ಕನ್ನಡ ಎಂ.ಎ. ಮಾಡಿ ಕಾವ್ಯ ವ್ಯಾಕರಣಗಳ ಪಾಠ ಹೇಳುತ್ತ ಮೂವತ್ತು ವರ್ಷ ಕಳೆದೆ. ನಿವೃತ್ತನಾದ ಮೇಲೆ, ಖಗೋಳ ವಿಷಯದ ಪುಸ್ತಕಗಳನ್ನು ಓದುತ್ತಿದ್ದಾಗ, ಭೂಮಿಯ ಮೇಲೆ ಬಿದ್ದ ಉಲ್ಕಾಶಿಲೆಗಳ ಪಟ್ಟಿಯೊಂದು ಕಣ್ಣಿಗೆ ಬಿತ್ತು. ಅದರಲ್ಲಿ ‘ಮುದ್ದೂರ್’ ಎಂಬ ಒಂದು ಹೆಸರು. ೧೮೬೫ರ ಸೆಪ್ಟೆಂಬರ್ ೨೧, ಮೈಸೂರು ಸೀಮೆ, ತೂಕ ೪.೪ ಕಿಲೋಗ್ರಾಂ. ಅಕ್ಷರ ಸ್ವಲ್ಪ ತಪ್ಪಿದೆ, ಅಷ್ಟೆ. ಊರು ನಮ್ಮ ಮದ್ದೂರೇ. ನರಸೀಪುರದಿಂದ ಮಳವಳ್ಳಿಯ ದಾರಿಯಲ್ಲಿ ಹೊರಟರೆ ಸಿಕ್ಕುವ ಊರು. ವಡೆಯಿಂದಾಗಿ ಮದ್ದೂರನ್ನು ಅರಿಯದವರಿಲ್ಲ; ಈ ಕಲ್ಲಿನಿಂದಾಗಿ ಅರಿತವರು ನಮ್ಮಲ್ಲಿ ಎಷ್ಟು ಮಂದಿ? ಮುಮ್ಮಡಿ ಕೃಷ್ಣರಾಜ ಒಡೆಯರು ಅರಮನೆಯಲ್ಲಿದ್ದು, ರಾಜ್ಯದ ಆಡಳಿತ ಬ್ರಿಟಿಷ್ ಕಮಿಷನರ ಕೈಯಲ್ಲಿದ್ದ ಆ ಕಾಲದಲ್ಲಿ, ನಮ್ಮ ನೆಲಕ್ಕೆ ಆಕಾಶದಿಂದ ಕಲ್ಲು ಬಿದ್ದದ್ದು ನಿಜ. ಮರುವರ್ಷವೇ, ೧೮೬೬ರಲ್ಲಿ, ಉಡುಪಿಯ ಸೀಮೆಯಲ್ಲಿ ಮತ್ತೊಂದು ಬಿತ್ತು. ಆ ಪಟ್ಟಿಯನ್ನು ಓದಿದ ದಿನ ನನಗೆ ಮೊದಲು ನೆನಪಾದದ್ದು ಮದ್ದೂರಲ್ಲ, ಹೊಂಗೆಯ ಮರದ ಬುಡ.

ಇಂಥ ಅವಿವೇಕದಲ್ಲಿ ನನಗೆ ಒಳ್ಳೆಯ ಜೊತೆಗಾರರಿದ್ದಾರೆ ಎಂಬುದೊಂದು ಸಮಾಧಾನ. ೧೭೬೮ರಲ್ಲಿ ಫ್ರಾನ್ಸಿನ ಲೂಸೆ ಎಂಬಲ್ಲಿ ಹೊಲದಲ್ಲಿದ್ದ ಜನರ ಕಣ್ಣೆದುರಿಗೆ ಒಂದು ಕಲ್ಲು ಬಿತ್ತು. ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ ಅದನ್ನು ಪರೀಕ್ಷಿಸಲು ಮೂವರನ್ನು ನೇಮಿಸಿತು. ಆಧುನಿಕ ರಸಾಯನಶಾಸ್ತ್ರದ ಪಿತಾಮಹನೆನಿಸಿದ ಲವಾಸಿಯೇ ಅವರಲ್ಲೊಬ್ಬ. ಇದು ನೆಲದ ಕಲ್ಲೇ, ಸಿಡಿಲು ಹೊಡೆದು ಕಪ್ಪಾಗಿದೆ ಎಂದು ಅವರು ತೀರ್ಮಾನಿಸಿದರು. ಅದೇ ಲೂಸೆಯ ಕಲ್ಲನ್ನು ವಿಜ್ಞಾನಿಗಳು ಇಂದು ಮದ್ದೂರಿನ ಕಲ್ಲಿನ ವರ್ಗದಲ್ಲಿಯೇ ಸೇರಿಸಿದ್ದಾರೆ. ಕಲ್ಲುಗಳು ಬಾಹ್ಯಾಕಾಶದಿಂದ ಬರುತ್ತವೆಂದು ೧೭೯೪ರಲ್ಲಿ ಕ್ಲಾಡ್ನಿ ಎಂಬ ಜರ್ಮನ್ ವಿದ್ವಾಂಸ ಪುಸ್ತಕ ಬರೆದಾಗ ನಕ್ಕವರೇ ಹೆಚ್ಚು. ೧೮೦೩ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ಲೇಗ್ಲ್ ಊರಿನ ಮೇಲೆ ಎರಡು ಮೂರು ಸಾವಿರ ಕಲ್ಲುಗಳು ಸುರಿದವು. ಬಿಯೋ ಎಂಬ ವಿಜ್ಞಾನಿ ಅಲ್ಲಿಗೆ ಹೋಗಿ, ಹಳ್ಳಿ ಹಳ್ಳಿಯಲ್ಲಿ ವಿಚಾರಿಸಿ, ವರದಿ ಬರೆದ ಮೇಲೆಯೇ ಪಂಡಿತರು ಒಪ್ಪಿದ್ದು. ನಮ್ಮ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ಉಲ್ಕೆಗಳಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟು ಅವುಗಳನ್ನು ಐದು ಬಗೆಯಾಗಿ ವಿಂಗಡಿಸಿದ್ದಾನೆ. ಆದರೆ ಅವನ ಲಕ್ಷ್ಯವೆಲ್ಲ ಅವುಗಳ ಫಲದ ಕಡೆಗೆ. ಎಲ್ಲಿಂದ ಬಂದವು ಎಂಬ ಪ್ರಶ್ನೆಗೆ ಉತ್ತರ ದೊರೆಯಲು ಬಹುಕಾಲ ಕಾಯಬೇಕಾಯಿತು.

ಆ ಉತ್ತರವನ್ನು ತಿಳಿಯಬೇಕಾದರೆ ಮಂಗಳ ಮತ್ತು ಗುರು ಗ್ರಹಗಳ ನಡುವಿನ ಬಯಲಿಗೆ ಹೋಗಬೇಕು. ೧೮೦೧ರ ಜನವರಿ ೧ರಂದು ಸಿಸಿಲಿಯ ಪಲೆರ್ಮೋ ನಗರದಲ್ಲಿ ಪಿಯಾಜಿ ಎಂಬ ಪಾದ್ರಿ ಆ ಎಡೆಯಲ್ಲಿ ಸಿರಿಸ್ ಎಂಬ ಕಾಯವನ್ನು ಕಂಡ. ಆಮೇಲೆ ಒಂದರ ಹಿಂದೊಂದು ಸಿಕ್ಕುತ್ತಲೇ ಹೋದವು. ಇಂದು ಲೆಕ್ಕಕ್ಕೆ ಸಿಕ್ಕಿರುವುವೇ ಹತ್ತು ಲಕ್ಷಕ್ಕೆ ಮೀರಿವೆ. ಈ ಶೋಧದಲ್ಲಿ ದಕ್ಷಿಣ ಭಾರತದ ಪಾಲೂ ಇದೆ. ೧೮೬೧ರಲ್ಲಿ ಮದ್ರಾಸಿನ ವೀಕ್ಷಣಾಲಯದಿಂದ ಪಾಗ್ಸನ್ ಕಂಡ ಕಾಯಕ್ಕೆ ‘ಏಷ್ಯಾ’ ಎಂದೇ ಹೆಸರಾಯಿತು. ಏಷ್ಯಾ ಖಂಡದಿಂದ ಕಂಡ ಮೊದಲನೆಯದು ಅದು. ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ ತಮಿಳುನಾಡಿನ ಕಾವಲೂರಿನಲ್ಲಿ ನಡೆಸುತ್ತಿರುವ ವೀಕ್ಷಣಾಲಯದಿಂದ ೧೯೮೮ರ ಫೆಬ್ರವರಿಯಲ್ಲಿ ರಾಜಮೋಹನ್ ಅವರು ಕಂಡ ಇನ್ನೊಂದಕ್ಕೆ ಗಣಿತಜ್ಞ ರಾಮಾನುಜನ್ ಅವರ ಹೆಸರಿದೆ. ಆಕಾಶದಲ್ಲಿರುವ ಈ ಕಾಯಗಳಲ್ಲಿ ಹಲವಕ್ಕೆ ದೇವತೆಗಳ, ಮನುಷ್ಯರ ಹೆಸರುಗಳು. ಬಿದ್ದ ಕಲ್ಲಿಗೆ ಮಾತ್ರ ಬಿದ್ದ ಊರಿನ ಹೆಸರು.

ಈ ಪಟ್ಟಿಯನ್ನು ಚಿತ್ರಗಳಲ್ಲಿ ಕಂಡವರು ಅದು ಜಲ್ಲಿ ಸುರಿದ ರಸ್ತೆಯಂತೆ ಕಿಕ್ಕಿರಿದಿದೆ ಎಂದುಕೊಳ್ಳುತ್ತಾರೆ. ನಿಜ ಹಾಗಿಲ್ಲ. ಭೂಮಿಗೂ ಸೂರ್ಯನಿಗೂ ನಡುವಿನ ೧೫ ಕೋಟಿ ಕಿಲೋಮೀಟರನ್ನು ಒಂದು ಕಿಲೋಮೀಟರಿಗೆ ಇಳಿಸಿ ನೋಡೋಣ. ನಂಜನಗೂಡಿನ ಶ್ರೀಕಂಠೇಶ್ವರನ ಗುಡಿಯ ಮುಂದೆ ೯ ಮೀಟರ್ ಅಡ್ಡಳತೆಯ ಒಂದು ಗುಂಡನ್ನು ಇಟ್ಟೆವೆನ್ನಿ, ಅದು ಸೂರ್ಯ. ಅಲ್ಲಿಂದ ಒಂದು ಕಿಲೋಮೀಟರ್ ದೂರದಲ್ಲಿ ಒಂದು ಮೂಸಂಬಿ, ಅದು ಭೂಮಿ. ಐದು ಕಿಲೋಮೀಟರಿಗೆ ಸ್ವಲ್ಪ ಆಚೆ, ಎತ್ತಿನ ಗಾಡಿಯ ಚಕ್ರಕ್ಕಿಂತ ಚಿಕ್ಕದಾದ ಗುರು. ಎರಡರಿಂದ ಮೂರೂಕಾಲು ಕಿಲೋಮೀಟರಿನ ನಡುವಣ ಬಯಲಿನಲ್ಲಿ ನಮ್ಮ ಕಲ್ಲುಗಳೆಲ್ಲ ಸುತ್ತುತ್ತಿವೆ. ಅವುಗಳಲ್ಲಿ ೧೪೦ ಕಿಲೋಮೀಟರ್ ಅಡ್ಡಳತೆಯದು ಒಂದು ರಾಗಿಯ ಕಾಳಿನಷ್ಟಾದೀತು. ಒಂದು ಕಿಲೋಮೀಟರಿನ ಚಿಕ್ಕದನ್ನು ಆ ಬಯಲಿನಲ್ಲಿ ಕಣ್ಣಿನಿಂದ ಕಾಣುವುದೇ ಸಾಧ್ಯವಿಲ್ಲ. ಎಲ್ಲವನ್ನೂ ಒಂದೆಡೆ ರಾಶಿ ಹಾಕಿದರೂ ನಮ್ಮ ಚಂದ್ರನ ತೂಕದ ಸಣ್ಣದೊಂದು ಪಾಲಷ್ಟೇ ಆದೀತು. ೧೯೭೨ರಲ್ಲಿ ಹೊರಟ ಪಯೊನಿಯರ್-೧೦ ಆ ಬಯಲನ್ನು ಯಾವ ಕಲ್ಲಿಗೂ ತಾಗದೆ ದಾಟಿ ಹೋಯಿತು.

ಈ ಕಾಯಗಳಲ್ಲೂ ಜಾತಿಗಳುಂಟು. ಇಂಗಾಲ ತುಂಬಿದ ಕಪ್ಪು ಕಾಯಗಳು ಕೆಲವು, ಲೋಹ ಹೆಚ್ಚಾಗಿರುವುವು ಕೆಲವು. ಪಟ್ಟಿಯ ಒಳ ಅಂಚಿನಲ್ಲಿ ಹೆಚ್ಚಾಗಿರುವುದು ಕಲ್ಲಿನ ಜಾತಿಯವು. ಅವುಗಳಲ್ಲಿ ಮುಖ್ಯವಾಗಿ ಸಿಲಿಕೇಟ್ ಖನಿಜಗಳಿದ್ದು, ನಡುನಡುವೆ ಕಬ್ಬಿಣ-ನಿಕಲ್ಲಿನ ಚೂರುಗಳು ಸೇರಿಕೊಂಡಿವೆ. ಇಷ್ಟು ದೂರದಿಂದ ಇದು ತಿಳಿದದ್ದಾದರೂ ಹೇಗೆ? ಅವುಗಳ ಮೇಲೆ ಬಿದ್ದು ಮರಳಿ ಬಂದ ಬಿಸಿಲನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡಿದರೆ ಒಂದೊಂದು ಖನಿಜವೂ ತನ್ನ ಗುರುತನ್ನು ತೋರಿಸುತ್ತದೆ. ಆದರೆ ಬಹಳ ಕಾಲ ಒಂದು ತೊಡಕಿತ್ತು. ಬಾನಿನ ಕಲ್ಲಿನ ಬಣ್ಣಕ್ಕೂ ನೆಲಕ್ಕೆ ಬಿದ್ದ ಕಲ್ಲಿನ ಬಣ್ಣಕ್ಕೂ ಸರಿಯಾಗಿ ತಾಳೆಯಾಗುತ್ತಿರಲಿಲ್ಲ. ನೂರಾರು ವರ್ಷ ಎಣ್ಣೆಯ ಅಭಿಷೇಕ, ದೀಪದ ಹೊಗೆ ಕಂಡ ಗುಡಿಯ ವಿಗ್ರಹವನ್ನು ನೋಡಿ ಅದರ ಕಲ್ಲು ಎಂಥದೆಂದು ಹೇಳುವುದು ಕಷ್ಟವಲ್ಲವೆ? ಅಲ್ಲಿಯೂ ಹಾಗೆಯೇ. ಸೂರ್ಯನಿಂದ ಬೀಸುವ ಕಣಗಳೂ ಸೂಕ್ಷ್ಮ ಧೂಳೂ ಬಡಿದು ಬಡಿದು ಮೇಲ್ಮೈಯ ಬಣ್ಣ ಮಾಸುತ್ತದೆ. ಜಪಾನಿನ ಹಯಾಬುಸಾ ನೌಕೆ ೨೦೦೫ರಲ್ಲಿ ಇಟೊಕಾವಾ ಎಂಬ ಪುಟ್ಟ ಕಲ್ಲಿನ ಕಾಯದ ಮೇಲಿಳಿದು, ೨೦೧೦ರಲ್ಲಿ ಅದರ ಧೂಳನ್ನು ಹೊತ್ತು ತಂದಾಗ ಆ ತೊಡಕು ಬಿಡಿಸಿತು. ಇಟೊಕಾವಾ ಭೂಮಿಯ ಸಮೀಪಕ್ಕೆ ಬರುವ ಕಾಯವಾದರೂ ಜಾತಿಯಲ್ಲಿ ಕಲ್ಲಿನದೇ. ಅದರ ಧೂಳೂ ನಮ್ಮಲ್ಲಿ ಸಾಮಾನ್ಯವಾಗಿ ಬೀಳುವ ಉಲ್ಕಾಶಿಲೆಗಳ ದ್ರವ್ಯವೂ ಒಂದೇ ಎಂಬುದು ಸಿದ್ಧವಾಯಿತು.

ಮದ್ದೂರಿನ ಕಲ್ಲು ‘ಎಲ್-೫’ ಎಂಬ ವರ್ಗದ್ದು. ‘ಎಲ್’ ಎಂದರೆ ಅದರಲ್ಲಿ ಕಬ್ಬಿಣದ ಅಂಶ ಕಡಿಮೆ ಎಂದರ್ಥ. ಐದು ಎಂಬುದು ಅದು ಕಂಡ ಬೇಗೆಯ ಪ್ರಮಾಣ. ಉಡುಪಿಯದು ‘ಎಚ್-೫’, ಅಂದರೆ ಕಬ್ಬಿಣ ಹೆಚ್ಚು. ಭೂಮಿಗೆ ಬೀಳುವುದನ್ನು ಕಂಡು ಎತ್ತಿಕೊಂಡ ಕಲ್ಲುಗಳಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಈ ಎರಡು ವರ್ಗಗಳವೇ. ಇಂಥ ಕಲ್ಲನ್ನು ಕತ್ತರಿಸಿ ನೋಡಿದರೆ ಒಳಗೆ ರಾಗಿಯ ಕಾಳಿನಷ್ಟು, ಇಲ್ಲವೆ ಅದಕ್ಕಿಂತ ಸಣ್ಣದಾದ, ದುಂಡು ಮಣಿಗಳು ಕಾಣುತ್ತವೆ. ಗ್ರಹಗಳು ರೂಪುಗೊಳ್ಳುವ ಮೊದಲು, ಸೂರ್ಯನ ಸುತ್ತ ಬರಿಯ ಅನಿಲ, ಧೂಳು ತುಂಬಿದ್ದ ಕಾಲದಲ್ಲಿ, ಕರಗಿ ತೊಟ್ಟಿಕ್ಕಿ ಮತ್ತೆ ಹೆಪ್ಪುಗಟ್ಟಿದ ಹನಿಗಳು ಅವು. ಅವುಗಳ ವಯಸ್ಸು ಸುಮಾರು ೪೫೬ ಕೋಟಿ ವರ್ಷ. ನಮ್ಮ ಭೂಮಿಯಲ್ಲಿ ಅಷ್ಟು ಹಳೆಯ ಕಲ್ಲು ಒಂದೂ ಇಲ್ಲ.

ಏಕಿಲ್ಲ ಎಂಬುದೇ ಇಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತು. ಭೂಮಿ ದೊಡ್ಡದು. ದೊಡ್ಡ ಕಾಯದೊಳಗೆ ಹುಟ್ಟಿದ ಬಿಸಿ ಬೇಗ ಹೊರಗೆ ಹೋಗಲಾರದು. ಹಾಗಾಗಿ ಅದು ಕರಗಿತು. ಕಬ್ಬಿಣ ಕೆಳಕ್ಕಿಳಿದು ನಡುಗರ್ಭ ಸೇರಿತು, ಹಗುರಾದದ್ದು ಮೇಲೆ ತೇಲಿತು. ಆಮೇಲೆ ಮಳೆ, ಹೊಳೆ, ಜ್ವಾಲಾಮುಖಿ, ಖಂಡಗಳ ಚಲನೆ. ಬೆಳೆಯುವ ಭರದಲ್ಲಿ ಭೂಮಿ ತನ್ನ ಬಾಲ್ಯವನ್ನು ಅಳಿಸಿಕೊಂಡಿತು. ಚಿಕ್ಕವು ಹಾಗಲ್ಲ. ಮದ್ದೂರಿನ ಕಲ್ಲಿನ ತಾಯಿಕಾಯಕ್ಕೂ ನೂರಾರು ಡಿಗ್ರಿಗಳ ಬೇಗೆ ತಟ್ಟಿತು; ಮಣಿಗಳ ಅಂಚು ಮಸುಕಾಯಿತು; ಆದರೆ ಅವು ಕರಗಲಿಲ್ಲ. ಚಿಕ್ಕದಾಗಿದ್ದುದರಿಂದ ಆರಿತು, ಆರಿದ್ದರಿಂದ ನೆನಪನ್ನು ಉಳಿಸಿಕೊಂಡಿತು. ಭಾಷೆಯ ಚರಿತ್ರೆ ಓದಿದವರಿಗೆ ಇದು ಹೊಸದಾಗಿ ಕೇಳಿಸಲಾರದು. ಹತ್ತು ಕಡೆಯ ಜನ ಬೆರೆಯುವ ನಗರದ ನುಡಿ ತಲೆಮಾರಿಗೊಮ್ಮೆ ಬದಲಾಗುತ್ತದೆ. ಹಳೆಯ ರೂಪ ಬೇಕಾದರೆ ನಾವು ನೀಲಗಿರಿಯ ಬಡಗರ ಮಾತಿಗೆ, ಹವ್ಯಕರ ಮನೆಮಾತಿಗೆ ಕಿವಿಗೊಡುತ್ತೇವೆ. ಕನ್ನಡದ ಬಾಲ್ಯವನ್ನು ಹುಡುಕುವವನು ರಾಜಧಾನಿಯಲ್ಲಿ ಹುಡುಕುವುದಿಲ್ಲ.

ಇನ್ನು ಆ ತಾಯಿಕಾಯ ಯಾವುದು? ಈ ಪ್ರಶ್ನೆಗೆ ೨೦೨೪ರಲ್ಲಿ ಪ್ರಕಟವಾದ ಸಂಶೋಧನೆಗಳು ಒಂದು ಬಲವಾದ ಉತ್ತರವನ್ನು ಮುಂದಿಟ್ಟಿವೆ. ‘ಎಲ್’ ವರ್ಗದ ಕಲ್ಲುಗಳ ಮೂಲ ಮಸ್ಸಾಲಿಯಾ ಎಂಬ ಕುಟುಂಬ. ಮಸ್ಸಾಲಿಯಾ ಎಂಬ ಹಿರಿಯ ಕಾಯವನ್ನು ಕಂಡದ್ದು ೧೮೫೨ರಲ್ಲಿ, ಮದ್ದೂರಿನಲ್ಲಿ ಕಲ್ಲು ಬೀಳುವುದಕ್ಕೆ ಕೇವಲ ೧೩ ವರ್ಷ ಮೊದಲು. ಅದರ ಅಡ್ಡಳತೆ ಸುಮಾರು ೧೪೦ ಕಿಲೋಮೀಟರ್, ನಮ್ಮ ನಂಜನಗೂಡಿನ ಲೆಕ್ಕದಲ್ಲಿ ಗುಡಿಯಿಂದ ೨.೪ ಕಿಲೋಮೀಟರ್ ದೂರದಲ್ಲಿರುವ ಆ ರಾಗಿಯ ಕಾಳೇ ಅದು. ಅದರೊಡನೆ ಬಹುಮಟ್ಟಿಗೆ ಅದೇ ದಾರಿಯಲ್ಲಿ ಸಾವಿರಾರು ಪುಟ್ಟ ಕಲ್ಲಿನ ಕಾಯಗಳು ಸುತ್ತುತ್ತಿವೆ. ಸುಮಾರು ೪೭ ಕೋಟಿ ವರ್ಷಗಳ ಹಿಂದೆ ಅಲ್ಲೊಂದು ಭಾರಿ ಡಿಕ್ಕಿಯಾಯಿತು. ಆಗ ಭೂಮಿಗೆ ಸುರಿದ ಕಲ್ಲುಗಳು ಸ್ವೀಡನ್ನಿನ ಸುಣ್ಣಕಲ್ಲಿನ ಗಣಿಯಲ್ಲಿ ಪಳೆಯುಳಿಕೆಗಳಂತೆ ಹುದುಗಿ ಸಿಕ್ಕಿವೆ. ಸುಮಾರು ೪ ಕೋಟಿ ವರ್ಷಗಳ ಹಿಂದೆ ಮತ್ತೊಂದು ಡಿಕ್ಕಿ. ಇಂದು ಬೀಳುತ್ತಿರುವ ‘ಎಲ್’ ವರ್ಗದ ಕಲ್ಲುಗಳು ಆ ಎರಡನೆಯ ಡಿಕ್ಕಿಯ ಚೂರುಗಳೆಂದು ಸಂಶೋಧಕರು ಹೇಳುತ್ತಾರೆ. ಉಡುಪಿಯ ಕಲ್ಲಿನ ವರ್ಗಕ್ಕೆ ಅವರು ಕರಿನ್ ಮತ್ತು ಕೊರೋನಿಸ್ ಎಂಬ ಬೇರೆ ಕುಟುಂಬಗಳನ್ನು ಗುರುತಿಸಿದ್ದಾರೆ. ಒಂದು ವರ್ಷದ ಅಂತರದಲ್ಲಿ ಕನ್ನಡ ನಾಡಿನ ಎರಡು ಮೂಲೆಗಳಿಗೆ ಬಂದ ಈ ಎರಡು ಕಲ್ಲುಗಳು ಒಂದೇ ಮನೆಯವಲ್ಲ.

ಅಷ್ಟು ದೂರದ ಚೂರು ಮದ್ದೂರಿಗೆ ಬಂದ ಬಗೆಯೂ ಸ್ವಾರಸ್ಯವಾಗಿದೆ. ಜಗಲಿಯ ಚಪ್ಪಡಿಕಲ್ಲು ನಡುಹಗಲಿಗಿಂತ ಇಳಿಹೊತ್ತಿನಲ್ಲಿ ಹೆಚ್ಚು ಸುಡುವುದನ್ನು ನೀವು ಬಲ್ಲಿರಿ. ತಿರುಗುತ್ತಿರುವ ಬಾನಿನ ಕಲ್ಲೂ ಹಾಗೆಯೇ. ಕಾದ ಮಗ್ಗುಲು ಸ್ವಲ್ಪ ತಡವಾಗಿ ಬಿಸಿಯನ್ನು ಹೊರಸೂಸುತ್ತದೆ. ಹೊರಟ ಬಿಸಿ ಕಲ್ಲನ್ನು ಹಿಂದಕ್ಕೆ ಬಹಳ ಮೆಲ್ಲಗೆ ತಳ್ಳುತ್ತದೆ. ಸಾಸಿವೆಯಷ್ಟೂ ಇಲ್ಲದ ಆ ನೂಕು ಲಕ್ಷಾಂತರ ವರ್ಷ ನಡೆದರೆ ಕಲ್ಲಿನ ದಾರಿ ಸರಿಯುತ್ತದೆ. ಸರಿಯುತ್ತ ಸರಿಯುತ್ತ ಅದು, ಗುರುಗ್ರಹ ಒಂದು ಸುತ್ತು ಬರುವಷ್ಟರಲ್ಲಿ ತಾನು ಸರಿಯಾಗಿ ಮೂರು ಸುತ್ತು ಬರುವಂಥ ಎಡೆಯನ್ನು ತಲುಪಿತೆನ್ನಿ. ಉಯ್ಯಾಲೆಯನ್ನು ಹದ ನೋಡಿ ಮತ್ತೆ ಮತ್ತೆ ನೂಕಿದಂತೆ ಗುರು ಅದನ್ನು ಒಂದೇ ಹದದಲ್ಲಿ ಎಳೆಯತೊಡಗುತ್ತಾನೆ. ದುಂಡಾಗಿದ್ದ ದಾರಿ ಉದ್ದುದ್ದವಾಗುತ್ತ ಹೋಗಿ ಕೊನೆಗೆ ಭೂಮಿಯ ದಾರಿಯನ್ನು ಅಡ್ಡಹಾಯುತ್ತದೆ. ಅಂಥ ಎಡೆಗಳಲ್ಲಿ ಕಾಯಗಳು ಉಳಿಯದೆ ಪಟ್ಟಿಯಲ್ಲಿ ಖಾಲಿ ಜಾಗಗಳಾಗಿರುವುದನ್ನು ಅಮೆರಿಕದ ಕರ್ಕ್‌ವುಡ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ತೋರಿಸಿದ್ದರು.

ಕೊನೆಗೆ ನನ್ನ ಕಸುಬಿಗೆ ಸೇರಿದ ಒಂದು ಮಾತು. ಈ ಕಾಯಗಳಿಗೆ ಇಂಗ್ಲಿಷಿನಲ್ಲಿ ‘ಆಸ್ಟರಾಯ್ಡ್’ ಎಂದು ಹೆಸರು, ನಕ್ಷತ್ರದಂಥದು ಎಂದರ್ಥ. ೧೮೦೨ರಲ್ಲಿ ವಿಲಿಯಂ ಹರ್ಷೆಲ್ ಬಳಸಿದ ಮಾತು ಇದು. ದೂರದರ್ಶಕದಲ್ಲಿಯೂ ಬರಿಯ ಚುಕ್ಕಿಯಂತೆ ಕಂಡದ್ದರಿಂದ ಹಾಗೆ ಕರೆದ. ಕನ್ನಡದಲ್ಲಿ ನಾವು ‘ಕ್ಷುದ್ರಗ್ರಹ’ ಎನ್ನುತ್ತೇವೆ. ಈ ಮಾತು ನನಗೆ ಎಂದೂ ಹಿಡಿಸಿರಲಿಲ್ಲ. ಕ್ಷುದ್ರ ಬುದ್ಧಿ, ಕ್ಷುದ್ರ ದೇವತೆ, ಕ್ಷುದ್ರ ಜಂತು ಎಂದು ಕನ್ನಡದಲ್ಲಿ ಅದು ಕೀಳುತನದ ಮಾತಾಗಿ ಹೋಗಿದೆ. ೪೫೬ ಕೋಟಿ ವರ್ಷಗಳ ನೆನಪನ್ನು ಹೊತ್ತಿರುವ ವಸ್ತುವಿಗೆ ಅಂಥ ಹೆಸರೇ? ‘ಕಿರುಗ್ರಹ’ ಎನ್ನೋಣ ಎಂದು ಒಂದು ಲೇಖನವನ್ನೇ ಬರೆಯಲು ಕುಳಿತೆ. ಬರೆಯುವ ಮುನ್ನ, ಹಳೆಯ ಅಭ್ಯಾಸದಂತೆ, ಧಾತುವನ್ನು ನೋಡಿದೆ. ಕ್ಷುದ್ ಎಂಬ ಧಾತುವಿಗೆ ಕುಟ್ಟು, ಜಜ್ಜು, ಪುಡಿಮಾಡು ಎಂದು ಅರ್ಥ. ಕ್ಷೋದ ಎಂದರೆ ಪುಡಿ. ಕ್ಷುದ್ರ ಎಂಬ ಮಾತಿನ ಬೇರಿನಲ್ಲಿ ಇರುವುದು ಕುಟ್ಟಿ ಚೂರಾದದ್ದು, ಆದ್ದರಿಂದ ಸಣ್ಣದು ಎಂಬ ಭಾವ. ಕೀಳು ಎಂಬುದು ಆಮೇಲೆ ಬಂದು ಅಂಟಿಕೊಂಡದ್ದು. ಮಸ್ಸಾಲಿಯಾದ ಕುಟುಂಬವೆಂದರೆ ಡಿಕ್ಕಿಯಲ್ಲಿ ಪುಡಿಯಾದ ಚೂರುಗಳೇ ತಾನೆ? ಈ ಮಾತನ್ನು ಟಂಕಿಸಿದವರು ಅಷ್ಟೆಲ್ಲ ಯೋಚಿಸಿರಲಿ, ಬಿಡಲಿ, ಮಾತು ಮಾತ್ರ ಸತ್ಯವನ್ನೇ ಹೇಳುತ್ತಿತ್ತು. ಬಾನಿನಲ್ಲಿದ್ದಂತೆಯೇ ಇಲ್ಲಿಯೂ ಮೇಲ್ಮೈಯ ಬಣ್ಣ ನನ್ನನ್ನು ಮೋಸಗೊಳಿಸಿತ್ತು. ಲೇಖನವನ್ನು ಅಲ್ಲಿಗೇ ನಿಲ್ಲಿಸಿದೆ.

ಅಜ್ಜಿಯ ಕಲ್ಲಿನ ವಿಷಯದಲ್ಲಿ ಹಾಗೆ ಅರ್ಧದಲ್ಲಿ ನಿಲ್ಲಿಸುವ ಅವಕಾಶವನ್ನು ನಾನು ಇಟ್ಟುಕೊಳ್ಳಲಿಲ್ಲ. ಅದು ಆಕಾಶದ್ದೇ ಆಗಿತ್ತೆಂದು ನಾನು ಹೇಳುತ್ತಿಲ್ಲ. ಹತ್ತರಲ್ಲಿ ಒಂಬತ್ತು ಪಾಲು ನಮ್ಮ ನೆಲದ ಕರಿಕಲ್ಲೇ ಇದ್ದಿರಬೇಕು. ಸಿಡಿಲಿನೊಡನೆ ಬಿದ್ದವೆಂದು ಲೋಕದ ನಾನಾ ಕಡೆ ಜನ ಜೋಪಾನ ಮಾಡಿಟ್ಟ ಕಲ್ಲುಗಳಲ್ಲಿ ಎಷ್ಟೋ ನವಶಿಲಾಯುಗದ ಕೊಡಲಿಗಳೆಂದು ಗೊತ್ತಾಗಿದೆ. ಪ್ರೊಫೆಸರ್ ಎಂ. ಶೇಷಾದ್ರಿಯವರು ನಡೆಸಿದ ಉತ್ಖನನದಿಂದ ನಮ್ಮ ನರಸೀಪುರವೂ ನವಶಿಲಾಯುಗದ ಜನರ ನೆಲೆಯೆಂದು ಹೆಸರಾಗಿದೆ. ಆದರೂ ಪರೀಕ್ಷಿಸಿ ಅಲ್ಲವೆನ್ನುವುದು ಬೇರೆ, ಪರೀಕ್ಷಿಸದೆ ಅಲ್ಲವೆನ್ನುವುದು ಬೇರೆ. ಅಜ್ಜಿ ನಂಬಿದರು, ಅದಕ್ಕಾಗಿ ಕಲ್ಲನ್ನು ಕಾಪಾಡಿದರು. ನಾನು ನಂಬಲಿಲ್ಲ, ಅದಕ್ಕಾಗಿ ಕಳೆದೆ. ವಿಜ್ಞಾನಕ್ಕೆ ಹೆಚ್ಚು ಹತ್ತಿರವಿದ್ದವರು ಯಾರು ಎಂಬುದನ್ನು ನೀವೇ ಹೇಳಿ.

ಮದ್ದೂರಿನಲ್ಲಿ ಬಿದ್ದದ್ದು ನಾಳೆ ನಮ್ಮೂರಿನಲ್ಲಿಯೂ ಬೀಳಬಹುದು. ಆಗಷ್ಟೇ ಬಿದ್ದ ಕಲ್ಲಿಗೆ ಸುಟ್ಟ ರೊಟ್ಟಿಯಂತೆ ತೆಳ್ಳಗಿನ ಕರಿಯ ಸಿಪ್ಪೆಯಿರುತ್ತದೆ. ಒಡೆದ ಕಡೆ ಒಳಗೆ ಬೂದಿಬಣ್ಣ ಕಾಣುತ್ತದೆ. ಗಾತ್ರಕ್ಕೆ ಮೀರಿದ ಭಾರವಿರುತ್ತದೆ. ಅಯಸ್ಕಾಂತವನ್ನು ಹಿಡಿದರೆ ಸಾಮಾನ್ಯವಾಗಿ ಅಂಟುತ್ತದೆ. ಅಂಥದು ಕಂಡರೆ ಒಡೆಯಬೇಡಿ, ತೊಳೆಯಬೇಡಿ. ಬಿದ್ದ ಜಾಗ, ಹೊತ್ತು, ಕೇಳಿಸಿದ ಸದ್ದು, ಎಲ್ಲವನ್ನೂ ಬರೆದಿಟ್ಟು, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಗೆ ತಿಳಿಸಿ. ನಮ್ಮ ದೇಶದಲ್ಲಿ ಬಿದ್ದ ಇಂಥ ಕಲ್ಲುಗಳನ್ನು ಕಾಪಾಡುವ ಹೊಣೆ ಅದರದು. ಅರಿಸಿನ ಕುಂಕುಮ ಇಡಬೇಕೆನಿಸಿದರೆ, ಅವರು ನೋಡಿ ಹೋದ ಮೇಲೆ ಬಿದ್ದ ಜಾಗಕ್ಕೆ ಇಡಿ, ಯಾರ ಅಡ್ಡಿಯೂ ಇಲ್ಲ.

ಹೊಂಗೆಯ ಮರ ಈಗಿಲ್ಲ. ಮೋರಿ ಇದೆ. ಊರಿಗೆ ಹೋದಾಗಲೆಲ್ಲ ಅದರ ಮೇಲೆ ಸ್ವಲ್ಪ ಹೊತ್ತು ಕುಳಿತುಕೊಳ್ಳುತ್ತೇನೆ. ಕಲ್ಲು ಎಲ್ಲಿಗೂ ಹೋಗಿಲ್ಲ. ನನ್ನ ಕಾಲಡಿಯ ಗೋಡೆಯಲ್ಲಿಯೇ ಎಲ್ಲಿಯೋ ಇದೆ. ನೂರಾರು ಕಲ್ಲುಗಳ ನಡುವೆ ಅದು ಯಾವುದೆಂದು ತೋರಿಸಬಲ್ಲವರು ಅಜ್ಜಿ ಒಬ್ಬರೇ ಇದ್ದರು.